ಯಾರ ಎಡ?

ವೊರು ಪಟ್ಟಣದಾಚೆ, ಹೆಪ್ಪುಗಟ್ಟಿದ ಕೆರೆಯ ಪಕ್ಕ
ಶಿಶುವಿಹಾರದ ಅಡುಗೆಯವಳು ನಾನು, ಹೆಲ್ಯು.
ಇಪ್ಪತ್ತೆಂಟು ಚಳಿಗಾಲ ರವೆ ಗಂಜಿ ಕಲಕಿದ ಕೈ.
ಅಡುಗೆಮನೆಗೂ ಆಟದ ಕೋಣೆಗೂ ನಡುವೆ
ತಟ್ಟೆ ದಾಟುವಷ್ಟಗಲದ ಒಂದು ಕಿಂಡಿ;
ನನಗೆ ಲೋಕ ಕಾಣುವುದು ಅಲ್ಲಿಂದ.

ಸೋಮವಾರ ಹೊಸ ಟೀಚರು ಮಾರಿಕಾ
ನೆಲದ ಮೇಲೆ ಕೆಂಪು ಟೇಪು ಅಂಟಿಸಿ ಚೌಕ ಹಾಕಿದಳು,
ಆರು ಉದ್ದ, ಆರು ಅಡ್ಡ.
ಇವತ್ತು ರೋಬೋಟ್ ಪಾಠ, ಎಂದಳು.
ಪ್ಲಗ್ಗು ಅಲ್ಲಿದೆ ನೋಡು, ಅಂದೆ ನಾನು.
ಅವಳು ನಕ್ಕಳು:
ನಮ್ಮ ರೋಬೋಟಿಗೆ ಕರೆಂಟು ಬೇಡ ಹೆಲ್ಯು,
ನಿನ್ನ ಗಂಜಿ ಸಾಕು.

ಬಾಳೆಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆ, ಕಣ್ಣಿಗೆರಡು ತೂತು.
ಒಳಗೆ ಉಕು. ಐದು ವರ್ಷ. ಮುಂದಿನ ಹಲ್ಲು ಅಲುಗಾಡುತ್ತಿದೆ,
ಅದನ್ನು ನಾಲಿಗೆಯಿಂದ ತಳ್ಳುವ ಸದ್ದು
ಪೆಟ್ಟಿಗೆಯೊಳಗಿಂದ ಕೇಳುತ್ತದೆ.
ಮೂಲೆಯಲ್ಲಿ ಬಟ್ಟೆಯ ಕರಡಿ, ಅವನು ಅದನ್ನು ಮುಟ್ಟಬೇಕು.
ಮಿಕ್ಕವರು ಎದುರು ಕೂತು ಬಾಣದ ಚೀಟಿ ಜೋಡಿಸಬೇಕು.
ಬಾಯಿ ಬಿಡುವಂತಿಲ್ಲ.

ಮುಂದೆ. ಮುಂದೆ. ಲೇಲೊ ಇಟ್ಟಳು: ಎಡ.
ಉಕು ಎಡಕ್ಕೆ ತಿರುಗಿ, ಮೂರು ಹೆಜ್ಜೆ ನಡೆದು,
ಒದ್ದೆ ಕೋಟುಗಳ ಸಾಲಿಗೆ ಹೋಗಿ ಡಿಕ್ಕಿ ಹೊಡೆದ.
ತಪ್ಪು ಮಾಡಿದ! ತಪ್ಪು ಮಾಡಿದ!
ಅವನೋ ಕೋಟಿಗೆ ಮೂಗು ಒತ್ತಿ ನಿಂತೇ ಇದ್ದ;
ನಿಲ್ಲು ಎಂದಿರಲಿಲ್ಲ, ತಿರುಗು ಎಂದೂ ಇರಲಿಲ್ಲ.

ಅವನು ಹೇಳಿದ್ದು ಮಾಡಿದ, ಎಂದಳು ಮಾರಿಕಾ.
ತಪ್ಪು ಎಲ್ಲೋ ಅಡಗಿದೆ. ಹುಡುಕಿ.

ಪೆನ್ಸಿಲ್ ಹಿಡಿಯುವ ಕೈ ಬಲ, ಅಂದ ಒಬ್ಬ.
ಉಕು ಎಡಚ. ಆ ಸೂತ್ರ ಅಲ್ಲೇ ಬಿತ್ತು.
ಆಮೇಲೆ ಲೇಲೊ ಎದ್ದಳು,
ಚೌಕಗಳನ್ನು ಸುತ್ತಿ ಬಂದು ಅವನ ಬೆನ್ನ ಹಿಂದೆ ನಿಂತು,
ಅವನು ನೋಡುವತ್ತಲೇ ನೋಡಿ,
ಎರಡೂ ಕೈ ಚಾಚಿದಳು.
ಓ, ಎಂದಳು. ಅಷ್ಟೇ.

ಕಿಂಡಿಯ ಈಚೆ ನನ್ನ ಸೌಟು ನಿಂತಿತು.
ಎಂಡೆಲ್ ಮತ್ತು ನಾನು ಓಕ್ ಮರದ ಬೀರು ಹೊತ್ತು
ಮೆಟ್ಟಿಲು ಹತ್ತಿದ ದಿನ,
ಅವನು ಮೇಲಿನ ತುದಿ, ನಾನು ಕೆಳಗಿನದು, ಮುಖಾಮುಖಿ.
ಎಡಕ್ಕೆ! ಅಂದ. ಎಡಕ್ಕೇ ಎಳೆದೆ.
ಗೋಡೆಗೆ ಮೊಳದುದ್ದ ಗೀರು. ಎರಡು ದಿನ ಮಾತಿಲ್ಲ.
ಈಗ ಹೇಳೋಣವೆಂದರೆ ಆ ಮನುಷ್ಯ
ಎಂಟು ವರ್ಷದಿಂದ ಮಣ್ಣೊಳಗೆ.
ಇಬ್ಬರೂ ಸರಿಯೇ ಇದ್ದೆವಲ್ಲೋ.

ಗಂಜಿ ತಳ ಹಿಡಿಯಿತು.

ಮರುದಿನ ಮಕ್ಕಳು ಕಿಂಡಿಗೆ ಜೋತುಬಿದ್ದು ಕೇಳಿದರು:
ಎಷ್ಟು ಸಲ ಕಲಕಬೇಕು?
ಗಟ್ಟಿಯಾಗುವ ತನಕ.
ಗಟ್ಟಿ ಅಂದರೆ?
ಸೌಟು ಎತ್ತಿದರೆ ಜಾರದ ತನಕ.
'ತನಕ' ಎಂದು ಲೇಲೊ ಬರೆದುಕೊಂಡಳು, ಅಕ್ಷರ ತಿರುವುಮುರುವು.
ಇಷ್ಟು ವರ್ಷ ಉಪ್ಪಿನ ಹಾಗೆ ಉದುರಿಸಿದ ಪದ,
ಮೊದಲ ಸಲ ನಾಲಿಗೆಗೆ ಸಿಕ್ಕಿತು.

ಊಟದ ಗಂಟೆ. ಎಲ್ಲರೂ ಬೆಂಚು ಸೇರಿದರು.
ಪೆಟ್ಟಿಗೆಯೊಂದು ಚೌಕದ ನಡುವೆ ನಿಂತೇ ಇದೆ.
ಉಕು, ಬಾರೋ, ಆರಿ ಹೋಗುತ್ತೆ.
ಚೀಟಿಯಲ್ಲಿಲ್ಲ, ಎಂದಿತು ಪೆಟ್ಟಿಗೆ.

ಸರಿ. ಹಿಟ್ಟಿನ ಕೈಯಲ್ಲೇ ಒಂದು ಚೀಟಿ ಎಳೆದುಕೊಂಡು
ಬಟ್ಟಲು ಬರೆದೆ, ಮೇಲೆ ಮೂರು ಎಳೆ ಹಬೆ,
ಅವನೆದುರು ನೆಲದ ಮೇಲಿಟ್ಟೆ.
ಬಹಳ ಹೊತ್ತು ನೋಡಿದ.
ಪೆಟ್ಟಿಗೆ ತೆಗೆದಿಟ್ಟ.
ಗೂಟದಿಂದ ಉಣ್ಣೆಯ ಟೋಪಿ ಇಳಿಸಿ ಹಾಕಿಕೊಂಡು
ಬಾಗಿಲು ತೆರೆದು ಹಿಮದೊಳಗೆ ನಡೆದ.

ಉಕು! ಎಂದು ಕೂಗಲು ಬಾಯಿ ತೆರೆದವಳು
ಯಾಕೋ ಕೂಗಲಿಲ್ಲ.
ಚೌಕ ಸುತ್ತಿ ಆಚೆ ಬದಿಗೆ ಹೋದೆ,
ಕಟಕಟ ಅನ್ನುವ ಮಂಡಿ ಮಡಿಸಿ
ಅವನ ಕಣ್ಣಿನ ಎತ್ತರಕ್ಕೆ ಇಳಿದು ನೋಡಿದೆ.

ಟೋಪಿ. ಮೂರು ದಾರ ಇಳಿಬಿಟ್ಟ
ಚೆಂದದ ಟೋಪಿ.